ಕಾದು ಆಡಿದ ಆಟ

ಹಂಗಳದ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಶಿವರಂಜಿನಿ ಚದುರಂಗ ಕಲಿತದ್ದು ಅಲ್ಲಿದ್ದ ಮಣೆಯ ಮೇಲೆ, ಒಬ್ಬಳೇ ಎರಡೂ ಕಡೆ ಆಡಿಕೊಂಡು. ಚಾಮರಾಜನಗರದ ಜಿಲ್ಲಾ ಪಂದ್ಯಾವಳಿಯಲ್ಲಿ ಅವಳು ಕೊನೆಯ ಸುತ್ತು ಮುಟ್ಟಿದಳು. ಇದೊಂದು ಗೆದ್ದರೆ ರಾಜ್ಯಮಟ್ಟಕ್ಕೆ ಆಯ್ಕೆ.

ಆ ಭಾನುವಾರ ಗಂಡ ಶಿವರಾಮುವಿನ ಬೈಕಿನಲ್ಲಿ ಹೊರಟರೆ, ಗುಂಡ್ಲುಪೇಟೆಯ ಹತ್ತಿರ ಈರುಳ್ಳಿ ಲಾರಿ ಮಗುಚಿ ರಸ್ತೆ ಕಟ್ಟಿತ್ತು. ಬೈಕ್ ನುಸುಳಲೂ ಜಾಗವಿಲ್ಲ. ಅವಳು ವ್ಯವಸ್ಥಾಪಕರಿಗೆ ಫೋನ್ ಮಾಡಿದಳು. ತಡವಾದರೆ ಗೆಲುವು ಎದುರಾಳಿಗೆ, ಎದುರಾಳಿಯೇ ಒಪ್ಪಿದರೆ ಮಾತ್ರ ಕಾಯಬಹುದು ಎಂದರು ಅವರು.

ಎದುರಾಳಿ ಅರಿಸಿನದ ವ್ಯಾಪಾರಿ ಸೋಮಶೇಖರ್, ಹಲವು ವರ್ಷಗಳಿಂದ ಜಿಲ್ಲೆಗೆ ಮೊದಲಿಗರು. ಅವಳು ಅವರನ್ನು ಒಮ್ಮೆಯೂ ಮಾತಾಡಿಸಿದವಳಲ್ಲ. ರಸ್ತೆ ತೆರವಾಗಿ, ಬೆವರು ಸುರಿಸುತ್ತ ಅವಳು ಸಭಾಂಗಣಕ್ಕೆ ಓಡಿ ಬಂದಾಗ ಉಳಿದವರ ಆಟ ಅರ್ಧ ಮುಗಿದಿತ್ತು. ಸೋಮಶೇಖರ್ ಮಾತ್ರ ಗಡಿಯಾರ ಶುರು ಮಾಡಿಸದೆ ಕಾದು ಕುಳಿತಿದ್ದರು.

"ಮೊದ್ಲು ನೀರ್ ಕುಡಿಯಮ್ಮ," ಎಂದರು ಸೋಮಶೇಖರ್.

ಬಿಳಿ ಕಾಯಿ ಅವಳದು. ತನಗಿಷ್ಟವಾದ ಕಿಂಗ್ಸ್ ಗ್ಯಾಂಬಿಟ್ಟನ್ನೇ ಆರಂಭಿಸಿದಳು. ಎರಡನೇ ನಡೆಯಲ್ಲೇ ಒಂದು ಕಾಲಾಳನ್ನು ಬಿಟ್ಟುಕೊಟ್ಟು ದಾಳಿಗೆ ದಾರಿ ಮಾಡಿಕೊಳ್ಳುವ ಆಟ ಅದು. ಅವರು ಕಾಲಾಳನ್ನು ಕಡಿದರು. ಆಮೇಲೆ ಅವಳ ಕುದುರೆಯ ಮೇಲೆ ಇನ್ನೊಂದು ಕಾಲಾಳನ್ನು ನುಗ್ಗಿಸಿದರು. ಈಗ ಕುದುರೆಯನ್ನೂ ಬಲಿಕೊಟ್ಟು ಏರಿಹೋಗಬೇಕು. ಅವಳ ಕೈ ಏಳಲಿಲ್ಲ. ತನಗಾಗಿ ಕಾದು ಕುಳಿತ ಮನುಷ್ಯನ ಮೇಲೆ ಹೀಗೆ ಬೀಳುವುದೇ ಅನ್ನಿಸಿತು.

"ಡ್ರಾ ಮಾಡ್ಕೊಳ್ಳಣ್ವಾ ಸಾರ್?"

ಅವರಿಗೆ ಅರ್ಥವಾಯಿತು. ಬೇಡವೆಂದು ತಲೆಯಾಡಿಸಿ ಮೆಲ್ಲಗೆ ಹೇಳಿದರು: "ಗೆಲುವೇ ಬೇಕಿದ್ರೆ ಆವಾಗ್ಲೇ ಮನೆಗ್ ಓಗ್ಬುಡ್ತಿದ್ದೆ ಕಣಮ್ಮ. ನಿನ್ ಆಟ ನೋಡಕ್ಕೆ ಕಾದಿವ್ನಿ. ಆಡು."

ಅವಳು ಕುದುರೆಯನ್ನು ಅಲ್ಲೇ ಬಿಟ್ಟು ರಾಜನನ್ನು ಕೋಟೆಯೊಳಗೆ ಸೇರಿಸಿದಳು. ಅವರು ಕುದುರೆಯನ್ನು ಹೊಡೆದರು. ರಾಣಿ ನುಗ್ಗಿದಳು, ಹಿಂದೆಯೇ ಆನೆ. ಸೋಮಶೇಖರ್ ಸುಲಭಕ್ಕೆ ಬಗ್ಗಲಿಲ್ಲ. ಒಂದು ಹೊತ್ತು ಅವಳೇ ಸೋಲುವಂತಿತ್ತು. ಅವರ ಒಂಟೆ ಒಂದೇ ಒಂದು ಮನೆ ತಪ್ಪಿ ಇಳಿಯಿತು. ಅಷ್ಟು ಸಾಕಾಯಿತು. ಸ್ವಲ್ಪ ಹೊತ್ತಿಗೆ ಅವರು ತಮ್ಮ ರಾಜನನ್ನು ಮಲಗಿಸಿ ಕೈ ಚಾಚಿದರು.

"ಎಷ್ಟ್ ದಿನ ಆಗಿತ್ತು ಇಂಗೆ ಬೆವರಿ," ಎಂದು ನಕ್ಕರು. ತಾವು ಎಲ್ಲಿ ಎಡವಿದೆವೆಂದು ಅವಳಿಂದಲೇ ಕೇಳಿ ತಿಳಿದುಕೊಂಡರು. ರಾಜ್ಯಮಟ್ಟದಲ್ಲಿ ಎಂಥವರು ಎದುರಾಗುತ್ತಾರೆ ಎಂಬುದನ್ನು ಬಿಡಿಸಿ ಹೇಳಿದರು. ಅವಳು ಕೈ ಮುಗಿದಳು.

ವಾಪಸು ಬರುವಾಗ ಬೆನ್ನ ಹಿಂದೆ ಅವಳು ಬಿಕ್ಕಿದ್ದು ಶಿವರಾಮುವಿಗೆ ಕೇಳಿಸಿತು.

"ಗೆದ್ಬುಟ್ಟು ಯಾಕಮ್ಮಿ ಅಳದು?"

"ಗೆದ್ದಿದ್ದಕ್ಕಲ್ಲ. ಅವ್ರು ನಂಗೋಸ್ಕರ ಕಾದ್ರಲ್ಲ, ಅದ್ಕೆ."

ಅವನು ಬೈಕ್ ನಿಧಾನ ಮಾಡಿದ.