ಅಡುಗೆಮನೆ ಕಡೆಯ ಕೊಂಬೆ

ಕೊಡಲಿಯ ಮೊದಲ ಏಟು ಮಾವಿನ ಬುಡಕ್ಕೆ ಬಿದ್ದದ್ದೇ ತಡ, ಗಂಡನ ಹೆಣದ ಬಳಿ ಕೂತಿದ್ದ ವೇದವತಿ ಎದ್ದು ಹಿತ್ತಲಿಗೆ ಓಡಿದಳು.

"ನಿಲ್ಲಿಸಿ! ಯಾರು ಹೇಳಿದ್ದು ಕಡಿಲಿಕ್ಕೆ?"

ಕೊಡಲಿ ಹಿಡಿದವರು ಪಕ್ಕದ ಮನೆಯ ದಾಕ್ಷಾಯಣಿಯಮ್ಮನ ಮುಖ ನೋಡಿದರು. ಆಕೆ ಮಲಯಾಳಿ. ವೇದವತಿ ಈ ಊರಿಗೆ, ಶ್ರೀಕಾರ್ಯಂಗೆ, ಬಂದ ದಿನದಿಂದ ತಾಯಿಯ ಹಾಗೆ ನೋಡಿಕೊಂಡವಳು, ಮಗಳೇ ಎನ್ನಲು 'ಮೋಳೇ' ಎನ್ನುವವಳು. ಬಂದಷ್ಟು ಕನ್ನಡದಲ್ಲಿ ಹೇಳಿದಳು: "ನಾನೇ ಮೋಳೇ. ಹಿತ್ತಲಿನ ಮಾವು ಕಡಿದೇ ಚಿತೆ ಮಾಡುವುದು, ಇಲ್ಲಿ ಅದೇ ಕ್ರಮ. ಹೇಗೂ ಅರ್ಧ ಒಣಗಿದೆ. ಈ ಮರ ಕಂಡರೆ ನಿನಗೂ ಆಗುವುದಿಲ್ಲವಲ್ಲ?"

ಆಗುವುದಿಲ್ಲ, ನಿಜ. ಅದು ಸುಮಿತ್ರಳ ಮರ. ಗಂಡ ಯಜ್ಞನಾರಾಯಣನ ಮೊದಲ ಹೆಂಡತಿ, ಸಾಯುವ ಮೊದಲು ನೆಟ್ಟು ಹೋದದ್ದು. ಆ ಸೌದೆಯ ಮೇಲೆ ಅವನನ್ನು ಮಲಗಿಸುವುದೆಂದರೇನು? ಬದುಕಿದ್ದಾಗ ಪೂರ್ತಿ ಸಿಗದ ಗಂಡನನ್ನು ಕೈಯಾರೆ ಎತ್ತಿ ಅವಳ ತೆಕ್ಕೆಗೆ ಒಪ್ಪಿಸಿದ ಹಾಗೆ. ವೇದವತಿಗೆ ಅಳುವಿಗಿಂತ ಮೊದಲು ಹೊಟ್ಟೆಕಿಚ್ಚು ಬಂತು.

"ಡಿಪೋದಿಂದ ಸೌದೆ ತರಿಸಿ. ಇದು ಬೇಡ ಅಂದ್ರೆ ಬೇಡ."

"ಇವತ್ತು ಬಂದ್ ಅಲ್ಲವಾ? ಯಾವ ಡಿಪೋ ತೆರೆದಿರುತ್ತದೆ?"

* * *

ಅರವತ್ತೆಂಟನೇ ಇಸವಿಯಲ್ಲಿ ವೇದವತಿ ಮದುವೆಯಾಗಿ ಕಾಸರಗೋಡಿನಿಂದ ಬಂದಾಗ ಮರ ಆಗಲೇ ಸೂರಿನೆತ್ತರ ಇತ್ತು. ಯಜ್ಞನಾರಾಯಣನಿಗೆ ಬೆಳೆ ಸಂಶೋಧನೆಯ ಕೆಲಸ. ಸಂಜೆ ಬಂದವನೇ ಚಪ್ಪಲಿ ಬಿಡುವ ಮೊದಲು ಮರಕ್ಕೊಂದು ಸುತ್ತು. "ಕಾಫಿ ತಣೀತದೆ" ಎಂದರೆ "ಬಂದೆ" ಎನ್ನುವನು, ಬರುವುದಿಲ್ಲ. ಹೆಂಡತಿಯ ಹೊಸ ಸೀರೆ ಕಾಣದ ಕಣ್ಣಿಗೆ ಹೊಸ ಚಿಗುರು ಮಾತ್ರ ಕಾಣುತ್ತಿತ್ತು. ಬದುಕಿರುವವಳಾದರೆ ಜುಟ್ಟು ಹಿಡಿಯಬಹುದು. ಸತ್ತವಳ ಜೊತೆ ಜಗಳವಾಡುವುದು ಹೇಗೆ?

ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಇಡುವುದು ವೇದವತಿಯ ತವರಿನ ರೂಢಿ. ಒಂದು ವರ್ಷ ಭರಣಿ ತೊಳೆಯುವಾಗ ಉಳಿದ ಉಪ್ಪುನೀರನ್ನು ಮರದ ಬುಡಕ್ಕೆ ಚೆಲ್ಲಿದಳು. ಹಾಯೆನಿಸಿತು. ಆಮೇಲೆ ಭರಣಿ ಖಾಲಿಯಾಗುವವರೆಗೆ ಕಾಯಲಿಲ್ಲ. ಹರಳುಪ್ಪನ್ನೇ ಕದಡಿ ಸುರಿದಳು.

ಅಡುಗೆಮನೆ ಕಡೆಯ ಎಲೆಗಳ ಅಂಚು ಸುಟ್ಟಂತಾಯಿತು. ಎಲೆ ಉದುರಿದ ಕೊಂಬೆ ಮತ್ತೆ ಚಿಗುರಲಿಲ್ಲ. ಊರವರ ಮರಕ್ಕೆಲ್ಲ ಮದ್ದು ಹೇಳುವವನು ತನ್ನ ಮರದಡಿ ತಲೆ ಕೆರೆದುಕೊಂಡು ಕೂತ. ಗೆದ್ದಲಿಲ್ಲ. ಹುಳವಿಲ್ಲ. ಬುಡದಲ್ಲಿ ನೀರು ನಿಲ್ಲುವುದೂ ಇಲ್ಲ. ಕೊನೆಗೊಂದು ಸಂಜೆ ಮಣ್ಣು ಕೆದಕಿ, ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿದ. ಕಿಟಕಿಯಲ್ಲಿ ನಿಂತಿದ್ದ ವೇದವತಿಯ ಸೌಟು ಕೈಯಲ್ಲೇ ಉಳಿಯಿತು.

ಅವನು ಒಳಬಂದು ಬಾಯಿ ಮುಕ್ಕಳಿಸಿದ.

"ಎಂತ ರೋಗ ಅದಕ್ಕೆ?"

"ಕಡಲ ಗಾಳಿ," ಎಂದ.

ಮರುದಿನದಿಂದ ಮೊದಲು ಒಳಗೆ ಬಂದು, ಅವಳೆದುರು ಕೂತು ಕಾಫಿ ಕುಡಿದು, ಆಮೇಲೆ ಮರದ ಕಡೆಗೆ ಹೋಗತೊಡಗಿದ. ಪೆದ್ದ, ಗೊತ್ತಾಗಲಿಲ್ಲ ಇವನಿಗೆ ಎಂದುಕೊಂಡು ವೇದವತಿ ಉಪ್ಪು ಸುರಿಯುವುದನ್ನು ಬಿಟ್ಟಳು. ನಿನ್ನೆ ಸಂಜೆಯೂ ಕಾಫಿ ಕುಡಿದಿದ್ದ. ಲೋಟ ಕೆಳಗಿಟ್ಟವನು ಎದೆ ಹಿಡಿದುಕೊಂಡು ಕುಸಿದ.

* * *

"ಅದು ರೋಗದ ಮರ," ವೇದವತಿ ಸಿಕ್ಕಿದ ನೆಪ ಹಿಡಿದಳು. "ಚಿತೆಗೆ ಆಗುದಿಲ್ಲ."

ಗಂಡನ ಕೈಕೆಳಗೆ ಕೆಲಸ ಮಾಡುತ್ತಿದ್ದ ಮೈಸೂರಿನ ದಿನಕರ ಮುಂದೆ ಬಂದ. "ರೋಗ ಅಲ್ಲಮ್ಮ. ಸಾರ್ ಮಣ್ಣು ತಂದಿದ್ರು, ನಾನೇ ನೋಡ್ದೆ. ಉಪ್ಪು. ಅದೂ ಒಂದೇ ಕಡೆ. ಯಾರೋ ಸುರೀತಿದಾರೆ ಸಾರ್, ನೀರು ಹಾಯಿಸಿ ತೊಳೆದ್ರೆ ಚಿಗುರುತ್ತೆ ಅಂದೆ. ನಕ್ಕುಬಿಟ್ರು. 'ಬೇಡಪ್ಪ, ಅರ್ಧ ಮರ ಅವಳಿಗೂ ಇರ್ಲಿ' ಅಂದ್ರು. ಯಾರಿಗೆ ಅಂತ ನಾನು ಕೇಳ್ಲಿಲ್ಲ."

ವೇದವತಿ ಅಡುಗೆಮನೆಯ ಕಿಟಕಿಯತ್ತ ತಿರುಗಿದಳು. ಗೊತ್ತಿತ್ತು ಅವನಿಗೆ. ಗೊತ್ತಿದ್ದೇ ದಿನಾ ಎದುರು ಕೂತು ಕಾಫಿ ಕುಡಿದ. ಅದರ ಹಿಂದೆಯೇ ಹಳೆಯ ಉರಿ: ಅರ್ಧವಂತೆ! ಇನ್ನರ್ಧ ಕೊನೆಯವರೆಗೂ ಆ ಸುಮಿತ್ರಳಿಗೇ ಇಟ್ಟನಲ್ಲ!

ಅವಳು ಬೋಳು ಕೊಂಬೆಗಳತ್ತ ಕೈ ತೋರಿದಳು. "ಈ ಕಡೆಯದ್ದು ಕಡೀರಿ. ಇದು ನಂದು. ಆ ಕಡೆ ಕೊಡಲಿ ತಾಗ್ಬಾರ್ದು."

ಒಣ ಕೊಂಬೆಗಳು ಒಂದೊಂದಾಗಿ ಉರುಳಿದವು. ಕಡೆಯದರ ತುದಿಯಲ್ಲಿ ಮಾತ್ರ ಸುಮಿತ್ರಳ ಪಾಲಿನಂತೆ ನಾಲ್ಕಾರು ಹಸುರೆಲೆ ಉಳಿದಿದ್ದವು.

"ಹೊತ್ತಾಯ್ತು ಮೋಳೇ," ದಾಕ್ಷಾಯಣಿಯಮ್ಮ ಕರೆದಳು. ಅಂಗಳದಲ್ಲಿ ಚಟ್ಟ ಎತ್ತಲು ನಾಲ್ವರು ಕಾಯುತ್ತಿದ್ದರು.

"ಬಂದೆ," ಎಂದಳು ವೇದವತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಕೂತು, ಆ ಹಸುರೆಲೆಗಳನ್ನು ಒಂದೊಂದಾಗಿ ಕೀಳತೊಡಗಿದಳು.