ಒಂದು ಬಾಂಡ್ಲಿ ಹೆಚ್ಚು

"ಇದನ್ನೂ ಬರ್ಕೊಳ್ಳಿ," ಎಂದು ಮೇಸ್ತ್ರಿ ಇನ್ನೊಂದು ಬಾಂಡ್ಲಿ ಸಿಮೆಂಟನ್ನು ಮಿಕ್ಸರಿಗೆ ಸುರಿದ.

ಸರ್ಕಾರದ ಕಡೆಯಿಂದ ತೂಕ ನೋಡಲು ಬಂದಿದ್ದ ಹುಡುಗಿಯ ಪೆನ್ನು ನಿಂತಿತು. "ಇದ್ಯಾವುದು? ಅಳತೆ ಪಟ್ಟೀಲಿ ಇಲ್ವಲ್ಲ?"

"ಪಟ್ಟೀಲಿ ಇರಲ್ಲ ತಾಯಿ, ಇದು ನನ್ನ ಕೈಯಿಂದ. ಪ್ರತಿ ಸಲಾನೂ ಒಂದು ಹೆಚ್ಚು. ಇಪ್ಪತ್ತೆರಡು ವರ್ಷದಲ್ಲಿ ಒಂದಿನ ತಪ್ಪಿಸಿಲ್ಲ. ನಮ್ಮ ಬ್ಲಾಕು ಬಂಡೆ ಇದ್ದಂಗೆ ಅಂತಾರಲ್ಲ, ಮತ್ತೆ ಸುಮ್ನೇನಾ?"

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಪಾಪ, ಅವನು ಬಿಟ್ಟದ್ದು ಹೆಮ್ಮೆಯಿಂದ.

ಒಂದೊಂದು ಕಾಂಕ್ರೀಟ್ ಬ್ಲಾಕಿನ ಹಿಂದೆ ಎಷ್ಟು ಇಂಗಾಲದ ಹೊಗೆ ಇದೆಯೆಂದು ತಯಾರಿಸುವವರು ಬಹಿರಂಗವಾಗಿ ಹೇಳಬೇಕು; ಅಳೆಯುವ ಖರ್ಚು ಸರ್ಕಾರದ್ದು. ಹೊಗೆಯೆಲ್ಲ ಬಹುಮಟ್ಟಿಗೆ ಸಿಮೆಂಟಿನದೇ. ಈ ವರ್ಷದಿಂದ ಶಾಲೆ ಕಟ್ಟುವವರು, ಹೊಗೆ ಕಡಿಮೆ ಇರುವವರ ಹೆಸರು ಮೊದಲು ಬರುವ ಸರ್ಕಾರದ ಪಟ್ಟಿ ನೋಡಿಯೇ ಬ್ಲಾಕು ಕೊಳ್ಳುತ್ತಾರೆ. ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ ಎಂದು ಕಾರ್ಖಾನೆಯ ಯಜಮಾನಿ ಮೊದಲ ದಿನವೇ ಅರ್ಜಿ ಹಾಕಿದ್ದಳು. ಹರಿದ ಚೀಲಗಳಿಂದ ಸೋರಿಹೋಯಿತೆಂದು ಅವಳು ಲೆಕ್ಕದಲ್ಲಿ ಬರೆಯುತ್ತ ಬಂದ ಸಿಮೆಂಟು ಎಲ್ಲಿ ಹೋಗುತ್ತಿತ್ತೆಂದು, ಮಿಕ್ಸರಿನ ಪಕ್ಕ ನಿಂತಿದ್ದ ಅವಳಿಗೆ ಈಗ ಗೊತ್ತಾಯಿತು.

"ಮಾಮ, ಹಾಕು ಅಂತ ಯಾರು ಹೇಳಿದ್ರು ನಿಮಗೆ?"

"ನಿಮ್ಮಪ್ಪಾನೇ ಅಮ್ಮಾ. ನಾನು ಸೇರಿದ ವಾರ. 'ಗೋಡೆ ಪಕ್ಕ ಮಕ್ಕಳು ಮಲಗ್ತಾವೆ, ಒಂದು ಕೈ ಜಾಸ್ತೀನೇ ಇರ್ಲಿ' ಅಂದ್ರು."

ಸತ್ತ ಅಪ್ಪನ ಜೊತೆ ಜಗಳ ಆಡುವುದು ಹೇಗೆ? ಅವಳು ಹುಡುಗಿಯ ಮುಖ ನೋಡಿದಳು.

"ಕಣ್ಣಾರೆ ಕಂಡ್ಮೇಲೆ ಬಿಡಕ್ಕಾಗಲ್ಲ ಮೇಡಂ," ಎಂದಳು ಹುಡುಗಿ. "ಹೋದ ವರ್ಷ ಪೂರ್ತಿ ಹಾಕಿದ್ದೂ ಲೆಕ್ಕಕ್ಕೆ ಸೇರುತ್ತೆ. ತಿದ್ದೋದು ಇನ್ನು ಮುಂದಿನ ವರ್ಷವೇ."

ಮೇಸ್ತ್ರಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. "ಇಲ್ಲ ಅಂತ ಬರೀರಿ ತಾಯಿ. ಮುದುಕ ತಮಾಷೆಗೆ ಅಂದ ಅನ್ಕೊಳ್ಳಿ." ಹುಡುಗಿ ತಲೆ ಎತ್ತದೆ ಬಾಂಡ್ಲಿಯ ತೂಕ ಬರೆದುಕೊಂಡಳು. ಹೋಗುವ ಮುಂಚೆ, ಹೆಚ್ಚಿನ ಬಾಂಡ್ಲಿ ಇಲ್ಲದೆಯೂ ಒಂದು ಸಲ ಕಲಸಿಸಿ, ಬಾಂಡ್ಲಿ ಬಿದ್ದ ಬ್ಲಾಕು ಮೂರು, ಬೀಳದ್ದು ಮೂರು, ಇಪ್ಪತ್ತೆಂಟು ದಿನ ಗಟ್ಟಿಯಾದ ಮೇಲಿನ ಪರೀಕ್ಷೆಗೆಂದು ಗುರುತು ಹಾಕಿಟ್ಟಳು.

ಅಂದಿನಿಂದ ಹೆಚ್ಚಿನ ಬಾಂಡ್ಲಿ ನಿಂತಿತು. ಮೇಸ್ತ್ರಿಗೆ ಅನ್ನ ಸೇರಲಿಲ್ಲ. ಹೊಸ ಬ್ಲಾಕುಗಳಿಗೆ ದಿನಕ್ಕೆ ಎರಡು ಸಲದ ಬದಲು ನಾಲ್ಕು ಸಲ ನೀರು ಹೊಡೆದ. "ಇವು ನಿಲ್ಲಲ್ಲ ಅಮ್ಮಾ, ಬರೆದಿಟ್ಕೊಳ್ಳಿ," ಎಂದು ಸಿಕ್ಕಾಗಲೆಲ್ಲ ಹೇಳಿದ.

ಇಪ್ಪತ್ತೊಂಬತ್ತನೇ ದಿನ ಎರಡು ಕಾಗದ ಬಂದವು. ಒಂದು ಸರ್ಕಾರದ ಪಟ್ಟಿ; ಅದರಲ್ಲಿ ಇವರ ಹೆಸರು ಕಟ್ಟಕಡೆಗಿತ್ತು. ಶಾಲೆಯ ಗೋಡೆ ಬೇರೆಯವರ ಪಾಲಾಗಿತ್ತು. ಇನ್ನೊಂದು ಪರೀಕ್ಷೆಯ ಫಲಿತಾಂಶ; ಯಜಮಾನಿ ಅದನ್ನು ನೋಡಿ ಮಡಚಿಟ್ಟಳು. ಓದಿ ಎಂದು ಮೇಸ್ತ್ರಿಯೇ ಒತ್ತಾಯ ಮಾಡಿದ.

"ಬಾಂಡ್ಲಿ ಇಲ್ದೇ ಇರೋದೂ ಗೋಡೆಗೆ ಬೇಕಾದ್ದಕ್ಕಿಂತ ಎರಡರಷ್ಟು ಭಾರ ತಡೀತಂತೆ ಮಾಮ."

"ಅಂದ್ರೆ ಮೊದ್ಲಿಂದಾನೂ ಆ ಬಾಂಡ್ಲಿ..."

"ಹೂಂ."

ಅವನು ಅಂಗಳಕ್ಕೆ ಇಳಿದ. ಹಳೆಯ ರಾಶಿಯಿಂದ ಒಂದು ಬ್ಲಾಕು, ಹೊಸದರಿಂದ ಒಂದು ತಂದು ನೆಲದ ಮೇಲೆ ಪಕ್ಕಪಕ್ಕ ಇಟ್ಟ. ಕುಕ್ಕರಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ಹಳೆಯದನ್ನು ತಟ್ಟಿದ, ಹೊಸದನ್ನು ತಟ್ಟಿದ. ಕಿವಿ ಹತ್ತಿರ ತಂದು ಮತ್ತೆ ಹಳೆಯದನ್ನು ತಟ್ಟಿದ.