ಒಳಗೆ ಬಿಟ್ಟ ಬಟ್ಟೆ

ತನ್ನ ಹೊಲಿಗೆ ಅಂಗಡಿಯಲ್ಲಿ ಅಕ್ಕ ಹುಡುಗಿಯರ ಲಂಗ ಹೊಲಿದರೆ ಅಂಚಿನ ಒಳಗೆ ನಾಲ್ಕು ಬೆರಳಿನಷ್ಟು ಬಟ್ಟೆ ಮಡಿಸಿ ಬಿಡುತ್ತಿದ್ದಳು. ಮಗು ಬೆಳೆದ ಹಾಗೆ ತಾಯಿ ಬಂದು ಹೊಲಿಗೆ ಬಿಚ್ಚಿಸಿ ಉದ್ದ ಮಾಡಿಸಿಕೊಂಡು ಹೋಗುವಳು. ಒಂದು ಲಂಗ ಮೂರು ವರ್ಷ ಬರುತ್ತಿತ್ತು. ಆಮೇಲೆ ಆ ಮಗುವಿನ ತಂಗಿಯ ಪಾಲಿಗೆ. ಹೀಗಾಗಿ ಅಂಗಡಿಗೆ ಬರುವವರು ಬಹಳ, ಹೊಸ ಹೊಲಿಗೆ ಕಡಿಮೆ. ಜೊತೆಗೆ ಕೂತು ಹೊಲಿಯುವ ತಮ್ಮನಿಗೆ ಇದೇ ಕೊರಗು. ಅವನಿಗೆ ಮದುವೆ ಗೊತ್ತಾಗಿತ್ತು.

ರೆಡಿಮೇಡ್ ಅಂಗಡಿಯನ್ನೂ ಹೊಲಿಗೆ ಕಾರ್ಖಾನೆಯನ್ನೂ ನಡೆಸುವ ಸಾಹುಕಾರರು ಶಾಲೆಯ ಲಂಗಗಳ ಆರ್ಡರ್ ತಂದರು. ವರ್ಷಪೂರ್ತಿ ಕೆಲಸ. ಒಂದೇ ಷರತ್ತು: ಒಳಗೆ ಬಟ್ಟೆ ಬಿಡುವಂತಿಲ್ಲ.

"ಬಟ್ಟೆ ಉಳಿಸೋಕಾ?" ಅಕ್ಕ ಕೇಳಿದಳು.

"ಬಟ್ಟೆ ಏನು ಮಹಾ, ತಾಯಿ. ಮುಂದಿನ ವರ್ಷ ಅವರು ಮತ್ತೆ ಕೊಳ್ಳಬೇಕಲ್ಲ," ಎಂದರು ಸಾಹುಕಾರರು, ಮುಚ್ಚುಮರೆ ಇಲ್ಲದೆ.

ಅಕ್ಕ ಮಾದರಿಗೆಂದು ಆರು ಲಂಗ ಹೊಲಿದಳು. ಮೊದಲ ಎರಡರಲ್ಲಿ ಕೈ ತನ್ನ ಪಾಡಿಗೆ ನಾಲ್ಕು ಬೆರಳು ಬಿಟ್ಟುಬಿಟ್ಟಿತ್ತು.

"ಇದೇನು ಲಂಗವಾ, ಜೋಳಿಗೆಯಾ?" ಎಂದು ತಮ್ಮ ನಕ್ಕ.

ಉಳಿದ ನಾಲ್ಕು ಸಾಹುಕಾರರು ಹೇಳಿದಂತೆಯೇ ಬಂದವು. ಅಕ್ಕ ಒಂದರ ಒಳಮಗ್ಗುಲು ಹೊರಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಮರುದಿನ ಪ್ರಾರ್ಥನೆ ಮುಗಿಸಿ ಬಂದವಳೇ, "ನನ್ನಿಂದ ಆಗಲ್ಲ ಕಣೋ," ಎಂದಳು.

"ಚೆನ್ನಾಗೇ ಹೊಲಿದಿದ್ದೀಯಲ್ಲ."

"ಹೊಲಿಯೋಕೆ ಬರುತ್ತೆ. ಮಗು ಬೆಳೆಯುತ್ತೆ ಅಂತ ಬೆಳೆಸೋ ದೇವರಿಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಕತ್ತರಿ ಆಡಿಸಲಾ?"

"ನಿನ್ನ ಧರ್ಮಕ್ಕೆ ನನ್ನ ಹೊಟ್ಟೆ ಯಾಕಕ್ಕಾ ಕಟ್ಟಬೇಕು? ಇರೋದ್ರಲ್ಲಿ ಇಬ್ಬರು ಉಂಡ್ವಿ, ನಿಜ. ನಾಳೆ ನಾಲ್ಕು ಜನ ಆದ್ರೆ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಕ್ಕ ಮಾದರಿಯ ಲಂಗಗಳನ್ನು ಮಡಿಸಿ ಅವನ ಕಡೆ ಸರಿಸಿದಳು.

"ಕಟ್ಟಬೇಡ. ಸಾಹುಕಾರರ ಕಾರ್ಖಾನೆಗೇ ಹೋಗು. ನನ್ನ ನೇಮ ನನ್ನ ತಲೆಗೇ ಇರಲಿ."

"ನೀನೊಬ್ಬಳೇ?"

"ನನ್ನ ಹಸಿವು ಎಷ್ಟು ಅಂತ ನನಗೆ ಗೊತ್ತು ಮಾರಾಯ. ಅದೇನು ವರ್ಷ ವರ್ಷ ಬೆಳೀತಾ ಇಲ್ಲ."

ಸೋಮವಾರ ತಮ್ಮ ಹೊರಟ. ದೊಡ್ಡ ಕತ್ತರಿಗೆ ಅಕ್ಕ ಸಾಣೆ ಹಿಡಿಸಿ ತಂದಿದ್ದಳು. "ಅಲ್ಲಿ ದಿನವಿಡೀ ಕತ್ತರಿಸಬೇಕು. ಇದಾದ್ರೆ ಹೆಬ್ಬೆರಳು ನೋಯಲ್ಲ," ಎಂದು ಕೊಟ್ಟಳು. ಅವನು ಬೇಡವೆನ್ನಲಿಲ್ಲ.

ಅವನು ತಿರುವು ದಾಟಿದ ಮೇಲೆ ಅಕ್ಕ ಅವನ ಮಿಷನ್ನಿಗೆ ಎಣ್ಣೆ ಬಿಟ್ಟು, ಬಟ್ಟೆ ಹೊದಿಸಿ, ತನ್ನದರ ಮುಂದೆ ಕೂತಳು. ಆ ದಿನ ನಾಲ್ವರು ತಾಯಂದಿರು ಬಂದರು. ತಂದದ್ದೆಲ್ಲ ಹಳೆಯ ಲಂಗಗಳೇ.